ಗವಿಯ ಹೊಟ್ಟೆಯಲ್ಲಿ ಮಾತು ಯಾಕೆ ಉಳಿಯುವುದಿಲ್ಲ?

ಲೋಕಕ್ಕೆ ಇನ್ನೂ ಹಾಲುಹಲ್ಲು ಇದ್ದ ಕಾಲ. ಕಡಲಿಗೆ ಉಪ್ಪು ಬೆರೆಸಿ ಹೆಚ್ಚು ದಿನ ಆಗಿರಲಿಲ್ಲ. ಆ ಕಡಲಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ದೊಡ್ಡವಳು ಗವಿ, ಚಿಕ್ಕವಳು ಮರಳು.

ಮರಳು ಊರಿನ ಮುಂದೆ ಮೈ ಚಾಚಿ ಮಲಗಿದ್ದಳು. ಗವಿ ಊರಾಚೆ, ಬಂಡೆಗುಡ್ಡದ ಬುಡದಲ್ಲಿ ಬಾಯಿ ತೆರೆದು ಕೂತಿದ್ದಳು. ತಂಗಿಯನ್ನು ಕಂಡರೆ ಅಕ್ಕನಿಗೆ ಹೊಟ್ಟೆಕಿಚ್ಚು. ಗವಿ ಎಂದರೆ ಮೈಯೆಲ್ಲ ಹೊಟ್ಟೆಯೇ ತಾನೆ? ಹಾಗಾಗಿ ಕಿಚ್ಚೂ ಅಷ್ಟೇ ದೊಡ್ಡದು.

ಮರಳಿನ ಮನೆಗೆ ದಿನವೂ ನೆಂಟರು. ಘಟ್ಟದ ಮೇಲಿನ ಜನ ಗಾಡಿ ಕಟ್ಟಿಕೊಂಡು ಕಡಲು ನೋಡಲು ಬರುತ್ತಿದ್ದರು. ಊರವರು ಅವರಿಗಾಗಿ ತೆಂಗಿನ ಗರಿಯ ಗುಡಿಸಲು ಕಟ್ಟಿ, ಮೀನು ಹುರಿದು, ಎಳನೀರು ಕೆತ್ತಿ ಕೊಡುತ್ತಿದ್ದರು. ಮಕ್ಕಳಂತೂ ಮರಳಲ್ಲಿ ಹೊರಳಿ ಹೊರಳಿ ಆಡುತ್ತಿದ್ದವು. ಗವಿಯ ಕಡೆಗೆ ಒಬ್ಬರೂ ತಲೆ ಹಾಕುತ್ತಿರಲಿಲ್ಲ.

ಸಂಜೆ ಗಾಳಿ ಬಂದರೆ ಗವಿ ಅದರ ಹತ್ತಿರ ಕೇಳುತ್ತಿದ್ದಳು, "ಇವತ್ತು ಅವಳ ಮನೆಗೆ ಯಾರೆಲ್ಲ ಬಂದಿದ್ರು?"

"ಊರಿಗೆ ಊರೇ ಬಂದಿತ್ತು ಮಾರಾಯ್ತಿ. ಹೊರಡುವಾಗ ಎಲ್ಲರೂ ನಿನ್ನ ತಂಗಿಗೆ 'ಬರ್ತೀವಿ' ಅಂದ್ರು."

"ಹೊರಟವರು ಬರ್ತೀವಿ ಅಂತಾರಾ?"

"ಮತ್ತೆಂತ? ಬೇಕಾದವರ ಮನೆಯಲ್ಲಿ ನಿಂತು ಯಾರಾದ್ರೂ 'ಹೋಗ್ತೀವಿ' ಅಂತಾರಾ?"

ಗವಿಯ ಹೊಟ್ಟೆ ಭಗ್ಗೆಂದಿತು. ಆ ಮಾತನ್ನು ಅವಳಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಒಂದೇ ಒಂದು ಸಲ, ಒಬ್ಬರಾದರೂ ತನಗೆ 'ಬರ್ತೀನಿ' ಅನ್ನಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

"ದೂರದ ಬೆಟ್ಟ ನುಣ್ಣಗೆ. ನಿನ್ನ ತಂಗಿಯನ್ನು ಜನ ದಿನಾ ತುಳೀತಾರೆ, ಗೊತ್ತುಂಟಾ?" ಎಂದಿತು ಗಾಳಿ.

"ತುಳೀಲಿ! ನನ್ನನ್ನು ತುಳಿಯಲಿಕ್ಕೂ ಯಾರೂ ಇಲ್ಲ," ಎಂದು ಗವಿ ಸಿಡುಕಿದಳು.

ಒಂದು ದಿನ ಕಡಲಿನ ನೀರು ಇಳಿದಿತ್ತು. ಅಜ್ಜಿಯ ಜೊತೆ ಘಟ್ಟ ಇಳಿದು ಬಂದಿದ್ದ ತುಂಗಿ ಎಂಬ ಹುಡುಗಿ ಚಿಪ್ಪು ಹೆಕ್ಕುತ್ತಾ ಹೆಕ್ಕುತ್ತಾ ಗವಿಯ ಒಳಗೇ ಬಂದುಬಿಟ್ಟಳು.

ಗವಿಗೆ ಹಿಗ್ಗೋ ಹಿಗ್ಗು. "ಬಾ ಮಗಾ, ಕೂತ್ಕೋ. ನನ್ನ ತಂಗಿಯ ಮನೆಯಲ್ಲಿ ಇಷ್ಟು ತಂಪುಂಟಾ? ಹೇಳು, ಉಂಟಾ?"

"ಇಲ್ಲ," ಎಂದಳು ತುಂಗಿ.

ಗವಿ ನೀರಿನ ಬೆಳಕನ್ನು ತನ್ನ ನೆತ್ತಿಯ ಕಲ್ಲಿನ ಮೇಲೆ ಕುಣಿಸಿ ತೋರಿಸಿದಳು. "ಅವಳ ಮನೆಯಲ್ಲಿ ಇದುಂಟಾ?"

"ಇಲ್ಲ."

ಹುಡುಗಿ ಇಲ್ಲ ಎಂದಾಗಲೆಲ್ಲ ಗವಿಯ ಹೊಟ್ಟೆ ತಣ್ಣಗಾಗುತ್ತಿತ್ತು.

ಅಷ್ಟರಲ್ಲಿ ನೀರು ಏರತೊಡಗಿತು. ಹೊರಗೆ ಅಜ್ಜಿ ಕೂಗಿದಳು, "ತುಂಗೀ, ನೀರು ಏರ್ತಾ ಇದೆ, ಬಾರೇ!"

ಇಲ್ಲಿಂದ ಹೊರಟರೆ ಮಗು ನೇರ ಮರಳಿನ ಮಡಿಲಿಗೇ ಹೋಗುತ್ತದೆ. ಅದನ್ನು ನೆನೆದೇ ಗವಿಗೆ ಸಂಕಟವಾಯಿತು. ಅವಳು ಅಜ್ಜಿಯ ಕೂಗನ್ನು ಗುಳುಂ ಎಂದು ನುಂಗಿಬಿಟ್ಟಳು. ಅಜ್ಜಿ ಮತ್ತೆ ಕೂಗಿದಳು. ಗವಿ ಮತ್ತೆ ನುಂಗಿದಳು.

"ಯಾರೋ ಕರೆದ ಹಾಗಾಯ್ತು," ಎಂದಳು ತುಂಗಿ.

"ಯಾರೂ ಇಲ್ಲ ಮಗಾ. ಕೂತ್ಕೋ."

ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಕುಣಿಯುತ್ತಿದ್ದ ಬೆಳಕು ಆರಿಹೋಯಿತು. ಬಾಗಿಲು ಯಾವ ಕಡೆ ಎಂದೇ ತುಂಗಿಗೆ ತಿಳಿಯಲಿಲ್ಲ. ಅವಳು ಹೆದರಿ ಅಳತೊಡಗಿದಳು.

"ಅಳಬೇಡ ಮಗಾ. ಒಂದೇ ಒಂದು ಮಾತು ಹೇಳು, ಸಾಕು. ನನಗೆ 'ಬರ್ತೀನಿ' ಅನ್ನು," ಎಂದಳು ಗವಿ.

"ಅದು ಹೋಗೋರು ಹೇಳೋ ಮಾತು!" ತುಂಗಿ ಬಿಕ್ಕಿದಳು. "ನೀನು ಹೋಗೋಕೇ ಬಿಡದೆ ಇದ್ರೆ ಬರ್ತೀನಿ ಅಂತ ಹೆಂಗೆ ಹೇಳ್ಲಿ?"

ಗವಿ ಬೆಪ್ಪಾದಳು. ಇಷ್ಟು ದಿನ ಅವಳು ತಂಗಿಯ ಮನೆಗೆ ನೆಂಟರು ಬರುವುದನ್ನಷ್ಟೇ ನೋಡಿ ಕರುಬಿದ್ದಳು. ಸಂಜೆಯಾದರೆ ತಂಗಿ ಅವರನ್ನೆಲ್ಲ ನಗುತ್ತಾ ಕಳಿಸಿಕೊಡುತ್ತಿದ್ದುದು ಅವಳ ತಲೆಗೇ ಹೊಕ್ಕಿರಲಿಲ್ಲ. ನೀರು ಮಗುವಿನ ಎದೆ ಮುಟ್ಟಿತ್ತು. ಗವಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು.

ಅವಳು ನುಂಗಿದ್ದ ಕೂಗನ್ನೆಲ್ಲ ಒಟ್ಟಿಗೆ ಹೊರಗೆ ಹಾಕಿದಳು. "ತುಂಗೀ... ತುಂಗೀ... ಬಾರೇ... ಬಾರೇ..." ಅಜ್ಜಿಯ ದನಿ ಕತ್ತಲಲ್ಲಿ ಬಾಗಿಲ ಕಡೆಗೆ ಓಡಿತು. ತುಂಗಿ ಆ ದನಿಯ ಹಿಂದೆಯೇ ಕಲ್ಲು ತಡವುತ್ತಾ ನಡೆದಳು. ಬಾಗಿಲಲ್ಲಿ ಅಜ್ಜಿ ನೀರಿಗೇ ಇಳಿದು ನಿಂತಿದ್ದಳು. ಮೊಮ್ಮಗಳ ರಟ್ಟೆ ಹಿಡಿದು ಎಳೆದುಕೊಂಡಳು.

"ಎಷ್ಟು ಕೂಗೋದೇ! ನಿನ್ನ ಕಿವಿ ಏನು ಮಣ್ಣು ತಿಂತಿತ್ತಾ?" ಎಂದು ಬೈಯುತ್ತಾ ಬೈಯುತ್ತಾ ಅಜ್ಜಿ ಅತ್ತೇಬಿಟ್ಟಳು.

ಗವಿ ಇನ್ನು ಯಾವ ಮುಖ ಇಟ್ಟುಕೊಂಡು ಆ ಮಾತು ಕೇಳುವುದು?

ಬಂಡೆ ಹತ್ತಿದ ತುಂಗಿ ಹಿಂದೆ ತಿರುಗಿದಳು. ಮೂಗು ಒರೆಸಿಕೊಂಡು, ಗವಿಯ ಬಾಯಿಗೆ ಕೇಳುವ ಹಾಗೆ ಕೂಗಿದಳು, "ಬರ್ತೀನಿ!"

ಅದನ್ನು ನುಂಗಿ ಬಚ್ಚಿಟ್ಟುಕೊಳ್ಳಲು ಗವಿಗೆ ಎಷ್ಟು ಆಸೆಯಾಯಿತೋ! ಆದರೆ ನುಂಗಿದ ಮಾತಿನಿಂದ ಏನಾಗುತ್ತದೆಂದು ಅವಳು ಆಗಷ್ಟೇ ಕಂಡಿದ್ದಳು. ಹಾಗಾಗಿ ಬಿಟ್ಟುಕೊಟ್ಟಳು. "ಬರ್ತೀನೀ... ತೀನೀ... ನೀ..." ಮರಳಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಬಿಟ್ಟಳು. ಹೊಟ್ಟೆಕಿಚ್ಚು ಅಷ್ಟು ಬೇಗ ಆರುತ್ತದೆಯೇ?

ಅವತ್ತಿನಿಂದ ಗವಿಯ ಹೊಟ್ಟೆಯಲ್ಲಿ ಯಾವ ಮಾತೂ ಉಳಿಯುವುದಿಲ್ಲ. ಇವತ್ತಿಗೂ ನೀವು ಕಡಲ ಗವಿಯ ಮುಂದೆ ನಿಂತು ಏನು ಕೂಗಿದರೂ ಅವಳು ಅದನ್ನು ಆಗಿಂದಾಗಲೇ, ದೊಡ್ಡದು ಮಾಡಿ, ತಂಗಿಗೆ ಕೇಳುವ ಹಾಗೆ ತಿರುಗಿ ಕೊಟ್ಟುಬಿಡುತ್ತಾಳೆ.