ಬಾಗಿಲ ಮುಂದಿನ ಹೊಗೆ

ಚಳ್ಳಕೆರೆಯ ತಿಪ್ಪೇಸ್ವಾಮಿಗೆ ತನ್ನ ಡೀಸೆಲ್ ಕಾರೆಂದರೆ ಪಂಚಪ್ರಾಣ. ಬಾಡಿಗೆಗೆ ಓಡಿಸುವ ಕಾರು ಅದು. ಎದುರು ಮನೆಯ ಅನಂತಯ್ಯ ಮೇಷ್ಟ್ರ ಪೆಟ್ರೋಲ್ ಕಾರು ಕಂಡರೆ ಮೂಗು ಮುರಿಯುತ್ತಿದ್ದ. ಒಂದು ಲೀಟರಿಗೆ ಅವರ ಗಾಡಿಗಿಂತ ತನ್ನದು ಎಷ್ಟೋ ದೂರ ಹೋಗುತ್ತದೆ, ಅವರದು ಗುಜರಿ ಸೇರಿದ ಮೇಲೂ ತನ್ನ ಇಂಜಿನ್ ದುಡಿಯುತ್ತಿರುತ್ತದೆ ಎಂದು ಜಂಬ ಕೊಚ್ಚುತ್ತಿದ್ದ. ಸುಳ್ಳೇನಲ್ಲ ಮಕ್ಕಳೇ. ಬಳ್ಳಾರಿ, ಬೆಂಗಳೂರು ಅಂತ ದೂರ ದೂರ ಓಡಿಸುವವರಿಗೆ ಡೀಸೆಲ್ ಗಾಡಿಯಿಂದ ಲಾಭ ಉಂಟು.

ಆದರೆ ಈಚೆಗೆ ದೂರದ ಬಾಡಿಗೆ ಸಿಗುವುದು ಕಡಿಮೆಯಾಗಿತ್ತು. ಬಸ್ ಸ್ಟ್ಯಾಂಡಿನಿಂದ ಮಾರ್ಕೆಟ್ಟು, ಮಾರ್ಕೆಟ್ಟಿನಿಂದ ಆಸ್ಪತ್ರೆ, ಹೀಗೆ ಊರೊಳಗೇ ಸುತ್ತಾಟ. ಒಂದು ದಿನ ಸ್ಟೇರಿಂಗ್ ಮುಂದೆ ಹಳದಿ ದೀಪ ಹೊತ್ತಿಕೊಂಡಿತು. ಮೆಕ್ಯಾನಿಕ್ ರಿಯಾಜ್ ನೋಡಿ ವಿಷಯ ಬಿಡಿಸಿ ಹೇಳಿದ. ಹೊಗೆ ಹೋಗುವ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಒಂದಿದೆ. ಬರೀ ಚಿಕ್ಕ ಓಡಾಟವಾದರೆ ಅದು ಕಟ್ಟಿಕೊಳ್ಳುತ್ತದೆ. ಆಗಾಗ ಹೈವೇಯಲ್ಲಿ ಅರ್ಧ ಗಂಟೆ ಓಡಿಸಿದರೆ ಮಸಿ ಒಳಗೇ ಸುಟ್ಟು ಚೊಕ್ಕಟವಾಗುತ್ತದೆ.

ಖಾಲಿ ಗಾಡಿಯನ್ನು ಹೈವೇಯಲ್ಲಿ ಓಡಿಸುವುದೇ? ಡೀಸೆಲ್ ಏನು ಬಿಟ್ಟಿ ಬರುತ್ತದೆಯೇ? ತಿಪ್ಪೇಸ್ವಾಮಿಗೆ ಹೊಟ್ಟೆ ಉರಿಯಿತು. ಬೇರೊಂದು ಗ್ಯಾರೇಜಿಗೆ ಹೋಗಿ, ಫಿಲ್ಟರಿನ ಒಳಗಿದ್ದುದನ್ನೆಲ್ಲ ಕಿತ್ತು ತೆಗೆಸಿ, ದೀಪವನ್ನೂ ಆರಿಸಿಕೊಂಡು ಬಂದ. ಗಾಡಿ ಚೆನ್ನಾಗಿ ಎಳೆಯತೊಡಗಿತು. ಹಿಂದಿನಿಂದ ಕಪ್ಪು ಹೊಗೆ ಬುಸುಬುಸು ಬರುತ್ತಿತ್ತು, ಬರಲಿ ಬಿಡು, ಅದು ಹಿಂದೆ ಬರುವವರ ಹಣೆಬರಹ ಅಂದುಕೊಂಡ. ನೋಡಿ, ಎಂಥ ಬುದ್ಧಿ!

ಅಷ್ಟರಲ್ಲಿ ಮಗಳು ಸುಜಾತ ಬಾಣಂತನಕ್ಕೆ ಬಂದಳು. ಹೆಣ್ಣು ಕೂಸು, ಅಂಗೈಯಗಲದ ಮುಖ. ತಿಪ್ಪೇಸ್ವಾಮಿಗೆ ಮೊದಲ ಮೊಮ್ಮಗಳು. ಮನೆಯ ಮುಂದಿನ ಕೋಣೆಯನ್ನೇ ಬಾಣಂತಿ ಕೋಣೆ ಮಾಡಿದರು. ಅವನ ಹೆಂಡತಿ ಓಬಮ್ಮ ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ದಿನವೂ ಕೂಸಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡುತ್ತಿದ್ದಳು. ಗೋಡೆಯ ಕೆಳಗಿನ ಗಾಳಿಕಂಡಿ ಮಾತ್ರ ತೆರೆದೇ ಇತ್ತು, ಮಂಚದ ಮರೆಗಿದ್ದ ಅದನ್ನು ಯಾರೂ ಗಮನಿಸಲಿಲ್ಲ.

ತಿಪ್ಪೇಸ್ವಾಮಿಗೆ ಒಂದು ಪದ್ಧತಿಯಿತ್ತು. ಕಾರಿನ ಮೂತಿಯನ್ನು ರಸ್ತೆಗೆ, ಹಿಂಭಾಗವನ್ನು ಮನೆಗೆ ಮಾಡಿ ನಿಲ್ಲಿಸುವುದು. ಬೆಳಗಾದರೆ ಸ್ಟಾರ್ಟ್ ಮಾಡಿ ಬಿಟ್ಟು ಒಳಗೆ ಬರುವುದು. ಇಂಜಿನ್ ಬಿಸಿಯಾಗುವಷ್ಟರಲ್ಲಿ ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ಗಾಡಿಗೆ ಊದುಬತ್ತಿ ಬೆಳಗಿ ಹೊರಡುವುದು.

ಕೂಸಿಗೆ ಕೆಮ್ಮು ಶುರುವಾಯಿತು. ಶೀತ ಅಂದಳು ಓಬಮ್ಮ. ಬಾಗಿಲನ್ನೂ ಮುಚ್ಚಿದಳು, ಸಾಂಬ್ರಾಣಿ ಹೆಚ್ಚು ಮಾಡಿದಳು. ಕೋಣೆಯಲ್ಲಿ ಏನೋ ಘಾಟು ಎಂದು ಸುಜಾತ ಹೇಳಿದರೆ ಅದು ಸಾಂಬ್ರಾಣಿಯದೇ ಎಂದು ಬಾಯಿ ಮುಚ್ಚಿಸಿದಳು. ಕೂಸು ಹಾಲು ಬಿಟ್ಟಿತು. ಅದು ಕೆಮ್ಮಿದಾಗಲೆಲ್ಲ ತಿಪ್ಪೇಸ್ವಾಮಿ ಬಾಗಿಲವರೆಗೆ ಬಂದು ಇಣುಕುತ್ತಿದ್ದ. ಊರ ದೇವರಿಗೆಲ್ಲ ಹರಕೆ ಹೊತ್ತ.

ಒಂದು ಬೆಳಿಗ್ಗೆ ಅವನು ವಿಭೂತಿ ಹಚ್ಚುತ್ತಿದ್ದಾಗ ಸುಜಾತ ಕಿರುಚಿದಳು. ಓಡಿ ಹೋಗಿ ನೋಡುತ್ತಾನೆ, ಕೂಸು ಕೆಮ್ಮುತ್ತಿಲ್ಲ, ಅಳುತ್ತಿಲ್ಲ. ಪಕ್ಕೆಗಳು ಒಳಕ್ಕೆ ಎಳೆದುಕೊಳ್ಳುತ್ತಿವೆ. ತುಟಿ ನೇರಳೆ ಬಣ್ಣಕ್ಕೆ ತಿರುಗಿದೆ. ಇಂಜಿನ್ ಹೇಗೂ ಓಡುತ್ತಿತ್ತು, ತಿಪ್ಪೇಸ್ವಾಮಿ ಎಲ್ಲರನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಗಾಡಿ ಓಡಿಸಿದ. ದಾರಿಯುದ್ದಕ್ಕೂ ಉಸಿರಾಡ್ತಿದೆಯಾ, ಉಸಿರಾಡ್ತಿದೆಯಾ ಎಂದು ಕೇಳುತ್ತಲೇ ಇದ್ದ.

ಬಾಗಿಲಲ್ಲೇ ಗಾಡಿ ಬಿಟ್ಟು ಕೂಸನ್ನು ಎತ್ತಿಕೊಂಡು ಒಳಗೆ ಓಡಿದರು. ಡಾಕ್ಟರಮ್ಮ ಆ ಪುಟ್ಟ ಮೂಗಿಗೆ ಆಕ್ಸಿಜನ್ ಹಾಕಿದರು. ಆಮೇಲೆ ಇವರ ಕಡೆ ತಿರುಗಿ ಕೇಳಿದರು.

"ಮನೇಲಿ ಯಾರಾದ್ರೂ ಬೀಡಿ ಸಿಗರೇಟು ಸೇದ್ತೀರಾ?"

ಯಾರೂ ಇಲ್ಲ, ಸಾಂಬ್ರಾಣಿ ಹಾಕ್ತೀವಿ ಅಷ್ಟೇ ಎಂದಳು ಓಬಮ್ಮ. ಅದನ್ನೂ ಇವತ್ತಿಗೇ ನಿಲ್ಲಿಸಿ ಎಂದು ಡಾಕ್ಟರಮ್ಮ ಗದರಿದರು. ಮಗುವಿನ ಎದೆಗೆ ಹೊಗೆ ತಾಗಿರುವ ಹಾಗಿದೆ, ಬೇರೆ ಏನೋ ಇರಬೇಕು, ಯೋಚನೆ ಮಾಡಿ ಎಂದರು.

ಅಷ್ಟರಲ್ಲಿ ಆಯಾ ಕೆಮ್ಮುತ್ತಾ ಬಂದು, ಬಾಗಿಲಲ್ಲಿ ಯಾರದ್ದೋ ಕಾರು ಬಂದ್ ಮಾಡದೆ ನಿಂತಿದೆ, ಹೊಗೆಯೆಲ್ಲ ವಾರ್ಡಿಗೆ ಬರುತ್ತಿದೆ ಎಂದು ಬೈದುಕೊಂಡಳು. ತಿಪ್ಪೇಸ್ವಾಮಿ ಹೊರಗೆ ಓಡಿದ. ಕಾರಿನ ಹಿಂದೆ ಬಂದು ನಿಂತ. ಕೊಳವೆಯಿಂದ ಹೊರಟ ಹೊಗೆ ಗೋಡೆಗೆ ಬಡಿದು, ತೆರೆದ ಕಿಟಕಿಯೊಳಗೆ ನುಗ್ಗುತ್ತಿತ್ತು. ದಿನವೂ ಬೆಳಿಗ್ಗೆ ತಾನು ಅದೇ ಕೊಳವೆಯನ್ನು ಯಾವ ಗೋಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದೆ ಎನ್ನುವುದು ಆಗ ಹೊಳೆಯಿತು. ಕೀಲಿ ತಿರುಗಿಸಿ ಇಂಜಿನ್ ಆರಿಸಿದ.

ಒಳಗೆ ಬಂದು ಮಗಳ ಮುಖ ನೋಡಲಾಗದೆ ತಲೆ ತಗ್ಗಿಸಿ ಹೇಳಿದ.

"ನಮ್ಮ ಮನೇಲಿ ಸೇದೋದು ಒಂದಿದೆ ಮೇಡಂ. ದಿನಾ ಬೆಳಿಗ್ಗೆ ನಾನೇ ಹಚ್ಚಿ, ಕೂಸಿನ ಗೋಡೆ ಹತ್ರ ನಿಲ್ಲಿಸ್ತಿದ್ದೆ."

ಸುಜಾತ, "ಅಪ್ಪಾ, ನಿನ್ನ ಗಾಡಿಯಲ್ಲಿ ನಾನು ಇವಳನ್ನ ಮನೆಗೆ ಕರ್ಕೊಂಡು ಬರಲ್ಲ," ಅಂದಳು. ಅವನು ಹೂಂ ಎಂದ.

ದೇವರು ದೊಡ್ಡವನು, ಕೂಸು ಉಳಿಯಿತು. ಮೇಷ್ಟ್ರ ಕಾರಿನಲ್ಲಿ ಮನೆಗೆ ಬಂತು. ತಿಪ್ಪೇಸ್ವಾಮಿ ಹೊಸ ಫಿಲ್ಟರ್ ಹಾಕಿಸಿದ, ಗಾಡಿಯನ್ನು ದೂರದ ಬಯಲಿನಲ್ಲಿ ನಿಲ್ಲಿಸತೊಡಗಿದ, ಆಗಾಗ ಖಾಲಿ ಗಾಡಿಯನ್ನೇ ಹೈವೇಗೆ ಒಯ್ದು ಬರತೊಡಗಿದ. ಆದರೆ ಮನಸ್ಸಿನ ಹೆದರಿಕೆಗೆ ಯಾವ ಮೆಕ್ಯಾನಿಕ್ಕೂ ಇಲ್ಲವಲ್ಲ! ಈಗಲೂ ಕೂಸು ಹಾಯಾಗಿ ನಿದ್ದೆ ಮಾಡುತ್ತಿದ್ದರೆ ಅವನು ಸದ್ದಿಲ್ಲದೆ ತೊಟ್ಟಿಲ ಬಳಿ ಹೋಗುತ್ತಾನೆ, ಅದರ ಮೂಗಿನ ಕೆಳಗೆ ಬೆರಳು ಹಿಡಿಯುತ್ತಾನೆ. ಬೆರಳಿಗೆ ಬಿಸಿ ತಾಗುವವರೆಗೆ ಅವನೂ ಉಸಿರು ಬಿಡುವುದಿಲ್ಲ.

ನೀತಿ: ಡೀಸೆಲ್ಲಾಗಲಿ ಪೆಟ್ರೋಲಾಗಲಿ, ಗಾಡಿ ಎಷ್ಟು ದೂರ ಹೋಗುತ್ತದೆ, ಎಷ್ಟು ಕಾಲ ಬಾಳುತ್ತದೆ ಎಂದು ಕೇಳುವವರು ಅದರ ಹೊಗೆ ಯಾರ ಎದೆಗೆ ಹೋಗುತ್ತದೆ ಎಂದೂ ಕೇಳಬೇಕು. ಇನ್ನೊಬ್ಬರ ಉಸಿರು ತೆಗೆದು ಮಾಡಿದ್ದು ಉಳಿತಾಯವಲ್ಲ. ಆ ಇನ್ನೊಬ್ಬರು ನಮ್ಮ ಮನೆಯವರೇ ಆಗುವವರೆಗೆ ಅದನ್ನು ತಿಳಿಯದೆ ಕೂರಬಾರದು.