ನಡೆಮಡಿ ಕೆರೆ

ಹೊಂಬಳಗಿಯ ಮೂಡಣ ದಿಕ್ಕಿನ ಕೆರೆಗೆ ಸರ್ಕಾರಿ ನಕ್ಷೆಯಲ್ಲಿ ದೊಡ್ಡಕೆರೆ ಎಂಬ ಹೆಸರಿದೆ. ಊರವರು ಮಾತ್ರ ಅದನ್ನು ನಡೆಮಡಿ ಕೆರೆ ಎನ್ನುತ್ತಾರೆ. ಮದುಮಕ್ಕಳ ಕಾಲು ನೆಲಕ್ಕೆ ತಾಗದಂತೆ ಮಡಿವಾಳರು ಹಾಸುವ ಶುಭ್ರ ಬಟ್ಟೆಯೇ ನಡೆಮಡಿ. ಕೆರೆಗೂ ಅದಕ್ಕೂ ಏನು ನಂಟು ಎಂದು ಹೊಸಬರು ಕೇಳದೆ ಇರುವುದಿಲ್ಲ.

ಹಿಂದೆ ಒಮ್ಮೆ, ಅರಸರ ಕಾಲದಲ್ಲಿ, ಈ ಊರಿಗೆ ದೊಡ್ಡದೊಂದು ವಿದ್ಯಾಪೀಠ ಬಂದಿತಂತೆ. ದೂರದೂರದ ವಿದ್ಯಾರ್ಥಿಗಳು ಬಂದು ನೆಲೆಸಿದರು. ಕುಂಬಾರರ ಆವಿಗೆ ಆರಲೇ ಇಲ್ಲ. ಗಾಣದ ಎತ್ತಿಗೆ ಬಿಡುವಿಲ್ಲದಾಯಿತು. ಹಿತ್ತಿಲಿನ ಸೊಪ್ಪಿಗೂ ಗಿರಾಕಿ ಹುಟ್ಟಿದ. ಮಡಿವಾಳರ ಮಾಳವ್ವನಿಗೂ ಕೈತುಂಬ ಕೆಲಸ ಸಿಕ್ಕಿತು. ಅವಳು ಹಿಗ್ಗಿದಳು. ಆ ಹಿಗ್ಗು ಹೆಚ್ಚು ದಿನ ಬಾಳಲಿಲ್ಲ. ವಿದ್ಯಾರ್ಥಿಗಳ ಸ್ನಾನಕ್ಕೆ ಕೆರೆಯ ದಂಡೆ ಬಿಟ್ಟುಕೊಡಬೇಕೆಂದು ಆಚಾರ್ಯರು ಕೇಳಿದರು, ಊರಗೌಡ ಕೇತಗೌಡ ಹೂಂ ಎಂದ. ಮಡಿವಾಳರು ಗುಡ್ಡದಾಚೆಯ ಹಳ್ಳಕ್ಕೆ ಹೋಗಬೇಕೆಂದಾಯಿತು. ಬೇಸಿಗೆಯಲ್ಲಿ ಆ ಹಳ್ಳದಲ್ಲಿ ಕಾಗೆ ಕುಡಿಯಲೂ ನೀರಿರುತ್ತಿರಲಿಲ್ಲ. ಅವಳ ತಲೆಮಾರುಗಳ ಒಗೆಯುವ ಕಲ್ಲು ಕೈತಪ್ಪಿತು. ಮಾಳವ್ವ ಮನೆಮನೆಗೆ ಹೋಗಿ ಅಂಗಲಾಚಿದಳು. ವಿದ್ಯಾಪೀಠದಿಂದ ಎಲ್ಲರ ಹೊಟ್ಟೆಯೂ ತಂಪಾಗಿತ್ತು, ಯಾರೂ ತುಟಿ ಬಿಚ್ಚಲಿಲ್ಲ. ಅವಳಿಗೆ ಸಿಟ್ಟಿಗಿಂತ ಹೆಚ್ಚು ನೋವಾಯಿತು.

ಅಷ್ಟರಲ್ಲಿ ಕೇತಗೌಡನ ಮಗಳ ಮದುವೆ ಬಂತು. ಬಿಡಾರದಿಂದ ಹೊರಟ ಮದುಮಕ್ಕಳು ಮಂಟಪ ಸೇರುವ ತನಕ ನಡೆಮಡಿಯಿಂದ ಕೆಳಗಿಳಿಯುವಂತಿಲ್ಲ. ಅದು ಹಾಸಿದ ಕಡೆಗೇ ದಾರಿ. ಗೌಡ ಎಂದಿನಂತೆ ಮಾಳವ್ವನಿಗೇ ಹೇಳಿಕಳಿಸಿದ. ಕೆರೆ ಕಿತ್ತುಕೊಂಡದ್ದು ಅವನಿಗೆ ನೆನಪೂ ಇರಲಿಲ್ಲವೆಂದು ಕಾಣುತ್ತದೆ. ಅವಳು ಬಂದಳು. ಅವಳ ಗಂಡ ಹಿಂದಿನ ಬಟ್ಟೆ ಎತ್ತಿಕೊಟ್ಟಂತೆ ಮುಂದೆ ಹಾಸುತ್ತ ಹೋದಳು. ಓಲಗ ಮೊಳಗುತ್ತಿತ್ತು, ಮದುಮಕ್ಕಳು ತಲೆತಗ್ಗಿಸಿ ನಡೆದಿದ್ದರು. ಮಂಟಪದ ತಿರುವಿನಲ್ಲಿ ಅವಳು ಬಲಕ್ಕೆ ಹಾಸದೆ ನೆಟ್ಟಗೆ ಕೆರೆಯತ್ತ ಹಾಸಿದಳು.

ಗೌಡ ಗಾಬರಿಯಾದ. "ಎಲ್ಲಿಗೆ ಹೊಂಟೀಯ ಮಾಳವ್ವ? ಮುಹೂರ್ತ ಮೀರತೈತಿ!"

"ಈ ಬಟ್ಟಿ ಒಗದ ಕಲ್ಲಿಗ್ರಿ ಗೌಡ್ರ. ನಾಳಿ ಎಲ್ಲಿ ಒಗೀಲಿ ಅನ್ನೂದನ್ನ ಅಲ್ಲೇ ನಿಂತು ಹೇಳ್ರಿ."

ಬಟ್ಟೆಯಿಂದ ಕೆಳಗಿಳಿಯಲು ಮಗಳು ಒಪ್ಪಲಿಲ್ಲ. ಇಡೀ ದಿಬ್ಬಣ ಕಲ್ಲಿನ ಬಳಿ ಬಂದು ನಿಂತಿತು. ಒದ್ದೆ ಪಂಚೆಯಲ್ಲಿದ್ದ ವಿದ್ಯಾರ್ಥಿಗಳು ಕಕ್ಕಾಬಿಕ್ಕಿಯಾದರು. ಗೌಡ ಮಗಳ ಮುಖ ನೋಡಿದ, ಏರುತ್ತಿದ್ದ ಬಿಸಿಲು ನೋಡಿದ, ಕೊನೆಗೆ ಎಲ್ಲರೆದುರು ಸೋತ ದನಿಯಲ್ಲಿ, "ಕಲ್ಲು ನಿಂದ ಅವ್ವಾ. ನಿನ್ನ ಮಕ್ಕಳು ಮೊಮ್ಮಕ್ಕಳದೂ ಹೌದು" ಎಂದ. ಆಚಾರ್ಯರು ತಮ್ಮವರಿಗೆ ಆಚೆ ದಂಡೆಯಲ್ಲಿ ಮೆಟ್ಟಿಲು ಕಟ್ಟಿಸಿಕೊಂಡರು. ಮದುವೆ ಮುಹೂರ್ತಕ್ಕೇ ನಡೆಯಿತು. ಮಾಳವ್ವ ಮಾತ್ರ ಊಟದ ಪಂಕ್ತಿಗೆ ಬರಲಿಲ್ಲ. ಅಷ್ಟು ದೂರ ಹಾಸಿದ ಬಟ್ಟೆಯನ್ನು ಒಗೆಯುವುದಿತ್ತು.

ವಿದ್ಯಾಪೀಠ ಎಂದೋ ಅಳಿದುಹೋಯಿತು. ಹೊಂಬಳಗಿಯ ಮದುಮಕ್ಕಳು ಮಾತ್ರ ಇಂದಿಗೂ ಮಂಟಪಕ್ಕಿಂತ ಮೊದಲು ಕೆರೆಗೆ ಬರುತ್ತಾರೆ. ಒಗೆಯುತ್ತಿದ್ದವರು ಕೈ ತಡೆದು, ಅವರನ್ನು ಕಣ್ತುಂಬ ನೋಡಿ, ಮತ್ತೆ ಕಲ್ಲಿಗೆ ಬಾಗುತ್ತಾರೆ.