ಅಣಬೆ ಹಿಡಿಸಿದ ಜೋಳ

"ಬುದ್ಧಿ, ಯಾರಿಗೂ ಕೆಡುಕು ಮಾಡದ ಔಷಧವನ್ನು ಕೊಡುವುದಕ್ಕೆ ನೀವೇಕೆ ಇಷ್ಟು ಹಿಂದೆಮುಂದೆ ನೋಡುತ್ತೀರಿ?" ಎಂದು ಶಿಷ್ಯ ಗುರುಶಾಂತ ಕೇಳಿದ.

ಮಠದಲ್ಲಿ ಔಷಧಕ್ಕೆಂದು ಅಣಬೆ ಹಿಡಿಸಿದ ಜೋಳದ ಹಿಟ್ಟು ತಯಾರಾಗುತ್ತಿತ್ತು. ಒಂದು ಚೀಲ ಬೇಕೆಂದು ಅವನ ಅಕ್ಕ ಹೇಳಿಕಳಿಸಿದ್ದಳು. ಗುರುಗಳು ಇನ್ನೂ ಹೂಂ ಎಂದಿರಲಿಲ್ಲ. ಒಡಹುಟ್ಟಿದವಳಿಗೆ ಇಷ್ಟು ಹಿಟ್ಟು ಕೊಡಿಸಲಾಗದ ಮೇಲೆ ತಾನು ಮಠದಲ್ಲಿದ್ದೇನು ಬಂತೆಂದು ಅವನಿಗೆ ಒಳಗೊಳಗೇ ಸಿಟ್ಟು.

ಗುರುಗಳು ಹೇಳಿದರು.

ಒಬ್ಬ ವೈದ್ಯನಿದ್ದ. ಜೋಳವನ್ನು ಬೇಯಿಸಿ, ಆರಲು ಹರವಿ, ಔಷಧದ ಅಣಬೆಯ ಬೀಜ ಬೆರೆಸಿ, ಗಡಿಗೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟುತ್ತಿದ್ದ. ಕಾಳಿನ ಮೇಲೆಲ್ಲ ಬಿಳಿ ಎಳೆ ಹಬ್ಬಿದ ಮೇಲೆ ಒಣಗಿಸಿ ಬೀಸುತ್ತಿದ್ದ. ಈ ಹಿಟ್ಟು ತಿನ್ನುವವರಲ್ಲಿ ಕ್ಯಾನ್ಸರ್ ಗಡ್ಡೆ ಕಡಿಮೆ ಎಂದು ಅವನಿಗೆ ಅನ್ನಿಸಿತ್ತು. ಅನ್ನಿಸಿತ್ತೇ ಹೊರತು ಖಾತ್ರಿಯಿರಲಿಲ್ಲ. "ಬಾರದಂತೆ ತಡೆದರೂ ತಡೆದೀತು" ಎಂದಷ್ಟೇ ಹೇಳಿದ. ಊರಿನವರ ಬಾಯಿ ಕೇಳಬೇಕೆ? ಸಂತೆ ಮುಗಿಯುವಷ್ಟರಲ್ಲಿ, ಬಂದ ಗಡ್ಡೆಯೂ ಕರಗುತ್ತದೆ ಎಂದಾಯಿತು. ವೈದ್ಯನ ಕಿವಿಗೂ ಆ ಮಾತು ಬಿತ್ತು. ಹೊಗಳಿಕೆ ಹಿತವಾಗಿತ್ತು, ಅವನು ತಿದ್ದಲಿಲ್ಲ.

ಆ ಗಡಿಗೆಗಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. ಅವಳ ಎದೆಯಲ್ಲಿ ಬಟಾಣಿಯಷ್ಟು ಗಂಟು ಕೈಗೆ ಸಿಕ್ಕಿತು. ಯಾರಿಗೂ ಹೇಳದೆ ದಿನವೂ ಆ ಹಿಟ್ಟಿನ ಗಂಜಿ ಕಾಯಿಸಿ ಕುಡಿದಳು. ಕೊನೆಗೆ ತೋಳು ಎತ್ತಲಾರದೆ ಒದ್ದಾಡುವುದು ವೈದ್ಯನ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಗಂಟು ಕಂಕುಳಿನವರೆಗೂ ಹರಡಿತ್ತು. ಪಟ್ಟಣದ ಡಾಕ್ಟರು ಕೊಯ್ದು ತೆಗೆಯುವ ಕಾಲ ಮೀರಿಹೋಗಿತ್ತು.

"ದಿನಾ ನನ್ನ ಎದುರಿಗೇ ಇದ್ದೆಯಲ್ಲ ತಾಯಿ, ಮೊದಲೇ ಯಾಕೆ ಹೇಳಲಿಲ್ಲ?" ಎಂದು ವೈದ್ಯ ಕೇಳಿದ.

"ಎಳೆ ಹಬ್ಬೋವಾಗ ಗಡಿಗೆ ಬಾಯಿ ಬಿಚ್ಚಿದ್ರೆ ಎಲ್ಲಾ ಕೆಟ್ಟುಹೋಗುತ್ತೆ ಅಂತ ನೀವೇ ಅಲ್ವಾ ಸ್ವಾಮಿ ಹೇಳಿದ್ದು? ಔಷಧಿ ಒಳಗೆ ಕೆಲಸ ಮಾಡ್ತಿದೆ, ನಡುವೆ ಬಿಚ್ಚಿ ತೋರಿಸಬಾರದು ಅಂದ್ಕೊಂಡೆ."

ವೈದ್ಯ ಅತ್ತುಬಿಟ್ಟ. ಅವಳೇ ಅವನಿಗೆ ಸಮಾಧಾನ ಹೇಳಿದಳು. ಮುಂಗಾರಿಗೆ ಮೊದಲೇ ಅವಳು ತೀರಿಕೊಂಡಳು.

ಕತೆ ಕೇಳಿ ಗುರುಶಾಂತನಿಗೆ ಸಂಕಟವಾಯಿತು. ಆದರೂ ಹಟ ಬಿಡಲಿಲ್ಲ. "ಅವಳನ್ನು ಕೊಂದದ್ದು ಹಿಟ್ಟಲ್ಲವಲ್ಲ ಬುದ್ಧಿ. ನಮ್ಮ ಅಕ್ಕನಿಗೆ ಒಂದು ಚೀಲ ಕೊಟ್ಟರೆ ಏನಾದೀತು?" ಎಂದ.

ಗುರುಗಳು ಚೀಲವನ್ನು ಅವನ ಕೈಗೇ ಕೊಟ್ಟರು.

"ತೆಗೆದುಕೊಂಡು ಹೋಗಪ್ಪ, ಆದರೆ ಇದ್ದಕ್ಕಿದ್ದಂತೆ ಈ ಹಿಟ್ಟು ಯಾಕೆ ಬೇಕಾಯಿತೆಂದು ನಿನ್ನ ಅಕ್ಕನನ್ನು ಕೇಳಿದೆಯಾ?"